ಹೂಂ ಅನ್ನುವವರು ಬೇಕು

ಮಕ್ಕಳೇ, ರಾತ್ರಿ ಒಂಬತ್ತಾದರೆ ಮಲಗಿಬಿಡುವ ರಸ್ತೆಯೊಂದನ್ನು ನೀವು ನೋಡಿದ್ದೀರಾ? ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾಯ್ದು ಕೇರಳಕ್ಕೆ ಹೋಗುವ ಹೆದ್ದಾರಿ ಅಂಥದ್ದು. ಕಾಡುಪ್ರಾಣಿಗಳು ಲಾರಿಗೆ ಸಿಕ್ಕಿ ಸಾಯಬಾರದೆಂದು 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸು ಮತ್ತು ತುರ್ತು ವಾಹನ ಬಿಟ್ಟರೆ, ಓಡಾಟ ಇಲ್ಲ.

ಧಾರವಾಡದವನಾದ ನಾನು ಮೇಷ್ಟರ ಕೆಲಸಕ್ಕೆಂದು ಆ ಕಡೆಯ ಹಳ್ಳಿಗೆ ಹೋದ ಹೊಸದು. ರಾತ್ರಿಯ ಆ ಮೌನದಲ್ಲಿ ನನ್ನೂರು ಇನ್ನಷ್ಟು ದೂರ ಹೋದಂತೆ ಅನ್ನಿಸುತ್ತಿತ್ತು. ಭಾಷೆ ಕನ್ನಡವೇ. ಆದರೆ ಅವರ ‘ಯಾನ’ ಎಂದರೆ ‘ಏನು’ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ನನ್ನ ‘ಯಾಕ್ರೀ’ ಕೇಳಿದರೆ ಅವರಿಗೆ ನಗು.

ಅಲ್ಲಿ ನನಗೆ ಮೊದಲು ಗೆಳೆಯರಾದವರು ಮೂವರು. ಶಾಲೆಯ ಎದುರಿನ ಟೈಲರು, ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಸಾಗಿಸುವ ಟೆಂಪೊ ಡ್ರೈವರು, ಅರಿಸಿನ ಬೆಳೆಯುವ ಒಬ್ಬ ಅಜ್ಜ. ಹಗಲು ಮೂರು ಕಸುಬು, ರಾತ್ರಿ ಒಂದೇ ಮೇಳ. ಅವರು ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ಹಾಡುವವರು.

“ಇವತ್ತು ಹರಕೆ ಕತೆ ಅದ ಮೇಷ್ಟ್ರೇ, ನೀವೂ ಬನ್ನಿ” ಎಂದು ಟೈಲರು ಕರೆದರು. ಹೋದೆ.

ಮನೆಯ ಮುಂದೆ ಚಪ್ಪರ, ಒಂದು ಬಲ್ಬು, ಕಂಬಳಿ ಹೊದ್ದ ಅಜ್ಜಿಯರು, ಅವರ ಮಡಿಲಲ್ಲಿ ತೂಕಡಿಸುವ ಮಕ್ಕಳು. ಅಜ್ಜ ತಂಬೂರಿಗೆ ಧೂಪ ತೋರಿ ಕೂತರು. ಆದರೆ ತಾಳ ಹಾಕುವ ಡ್ರೈವರಿಗೆ ಜ್ವರ. “ಮೊಮ್ಮಗ ಕೂತ್ಕತನ ಬುಡಿ” ಎಂದರು ಅಜ್ಜ. ತಾಳ ಹಿಡಿದು ಬಂದ ಹುಡುಗನನ್ನು ನೋಡಿ ನಾನು ಬೆಚ್ಚಿದೆ. ಅವನು ನನ್ನದೇ ಆರನೇ ತರಗತಿಯವನು. ತರಗತಿಯಲ್ಲಿ ಬಾಯೇ ಬಿಡದವನು. ಆ ವಾರವಷ್ಟೇ ಅವನ ಹೆಸರಿನ ಮುಂದೆ ‘ನೆನಪಿನ ಶಕ್ತಿ ಕಡಿಮೆ’ ಎಂದು ಬರೆದಿದ್ದೆ.

ಕತೆ ಶುರುವಾಗುವ ಮೊದಲು ಅಜ್ಜ ನನ್ನನ್ನು ಹತ್ತಿರ ಕೂರಿಸಿಕೊಂಡರು. “ನೀವು ಹೂಂ ಅನ್ನಬೇಕು ಮೇಷ್ಟ್ರೇ. ಹೂಂ ಅನ್ನೋರಿಲ್ದಿದ್ರ ಕತೆ ಮುಂದಕ್ಕೆ ಹೋಗಲ್ಲ.” ಮೊದಲ ಸಲ ನಾನು ಅಂದದ್ದು “ಹೂಂನ್ರಿ!” ತೂಕಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ನಕ್ಕರು.

ಆ ರಾತ್ರಿ ಹಾಡಿದ್ದು ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ. ಇಂಥ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಎಲ್ಲ ಸಾಲುಗಳನ್ನೂ ಹಾಡಿ ಮುಗಿಸಲು ಒಂದು ರಾತ್ರಿ ಸಾಲದು. ಸಿದ್ದಪ್ಪಾಜಿ ಕಬ್ಬಿಣ ಬೇಡುತ್ತಾನೆ. ಹಲಗೂರಿನ ಪಾಂಚಾಳರು ಕೊಡುವುದಿಲ್ಲ. ಒಂದರ ಮೇಲೊಂದು ಕಠಿಣ ಪರೀಕ್ಷೆ ಒಡ್ಡುತ್ತಾರೆ. ಪ್ರತಿಯೊಂದನ್ನೂ ಅವನು ಗೆದ್ದಾಗ ಅಜ್ಜಿಯರು ಕಂಬಳಿಯೊಳಗಿಂದಲೇ ಕೈಮುಗಿದರು. ಈ ಸಿದ್ದಪ್ಪಾಜಿಯ ಗದ್ದುಗೆ ಇದೇ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿದೆ. ಬನದ ಹುಣ್ಣಿಮೆಗೆ ಅಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ‘ಚಂದ್ರಮಂಡಲ’ ಹೊತ್ತಿಸುತ್ತಾರೆ.

ಮೂರು ಗಂಟೆಯ ಹೊತ್ತಿಗೆ ಚಳಿ ಏರಿತು. ಅಜ್ಜನ ದನಿ ಒಡೆಯಿತು. ಇನ್ನೊಂದು ಸೊಲ್ಲು ಎತ್ತಿದವರು ನಡುವೆಯೇ ನಿಂತುಬಿಟ್ಟರು. ಕೆಮ್ಮು ಬಂತು, ಮುಂದಿನದು ಬರಲಿಲ್ಲ. ತಂಬೂರಿ ಮಾತ್ರ ಮಿಡಿಯುತ್ತಿತ್ತು. ಡಕ್ಕೆ ನುಡಿಸುತ್ತಿದ್ದ ಟೈಲರು ಅಜ್ಜನ ಮುಖ ನೋಡಿದರು. ಚಪ್ಪರದಲ್ಲಿ ಉಸಿರೂ ಕೇಳಲಿಲ್ಲ.

ಆಗ ಎಳೆಯ ದನಿಯೊಂದು ಆ ಸೊಲ್ಲನ್ನು ಎತ್ತಿಕೊಂಡಿತು. ನನ್ನ ಹುಡುಗ! ತಾಳ ತಪ್ಪಲಿಲ್ಲ, ಮಾತು ತಪ್ಪಲಿಲ್ಲ. ಒಂದು, ಎರಡು, ಹತ್ತು ಸೊಲ್ಲು ಹಾಡಿದ. ಹಿಮ್ಮೇಳದಲ್ಲಿ ನಿಂತು ಮೊಮ್ಮಗನಿಗೆ ‘ಹೂಂ’ ಅಂದವರು ಅಜ್ಜ. ನನ್ನ ಗಂಟಲಿನಿಂದ ಮಾತ್ರ ಹೂಂ ಹೊರಡಲಿಲ್ಲ. ನಾನು ಬರೆದ ಆ ಮೂರು ಪದ ಕಣ್ಣ ಮುಂದೆ ಬಂದಿತ್ತು.

ಬೆಳಿಗ್ಗೆ ಟೀ ಕುಡಿಯುವಾಗ ಕೇಳಿದೆ: “ಅಜ್ಜಾರ, ನಿಮ್ಮ ನಂತರ ಈ ತಂಬೂರಿ ಇವನೇ ಹಿಡೀತಾನೇನ್ರಿ?”

ಅಜ್ಜ ಲೋಟ ಕೆಳಗಿಟ್ಟರು. “ಹಿಡಿಯೋನು ಹಿಡಿತನ ಮೇಷ್ಟ್ರೇ. ಕುಂತು ಕೇಳೋರು ಇರ್ತರಾ? ನನಗ ಅದೇ ಯೋಚ್ನ.”

ಶಾಲೆಗೆ ಹೋಗಿ ಮೊದಲು ಆ ಮೂರು ಪದ ಹೊಡೆದುಹಾಕಿದೆ. ಹುಡುಗ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದ, ಎಬ್ಬಿಸಲಿಲ್ಲ. ಶನಿವಾರ ಅವನನ್ನು ಮುಂದೆ ಕೂರಿಸಿ, “ಹಲಗೂರಿನ ಕತೆ ಹೇಳಪ್ಪ, ನಾವೆಲ್ಲ ಹೂಂ ಅಂತೀವಿ” ಎಂದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಬಾಯಿಬಿಟ್ಟ. ಪುಸ್ತಕ ಓದುವಾಗ ಅವನು ಈಗಲೂ ತಡವರಿಸುತ್ತಾನೆ. ಆದರೆ ಈಗ ಓದಲು ಹೆದರುವುದಿಲ್ಲ. ತಡವರಿಸಿದಲ್ಲಿ ಪಕ್ಕದವರು ‘ಹೂಂ’ ಅನ್ನುತ್ತಾರೆ.

ಅಜ್ಜ-ಅಜ್ಜಿಯರೇ, ನಿಮ್ಮಲ್ಲಿರುವ ಒಂದು ಕತೆಯನ್ನು ಇವತ್ತು ರಾತ್ರಿ ಹೊರಗೆ ತೆಗೆಯಿರಿ. ಮಕ್ಕಳೇ, ಹೂಂ ಅನ್ನುವ ಕೆಲಸ ನಿಮ್ಮದು. ನಮ್ಮ ಕಡೆಯವರಾದರೆ ‘ಹೂಂನ್ರಿ’ ಅಂದರೂ ನಡೆಯುತ್ತದೆ!