ಕಾಯುವವನ ಕುರ್ಚಿ

ಆಸ್ಪತ್ರೆಯ ಹೊರರೋಗಿಗಳ ವಿಭಾಗವನ್ನು ಕಂಡವರಿಗೆ ಆ ದೃಶ್ಯ ಹೊಸದಲ್ಲ. ಗೋಡೆಯುದ್ದಕ್ಕೂ ಹಲಗೆಯ ಬೆಂಚು, ಬೆಳಕು ಕಾಣದ ಓಣಿ, ಚೀಟಿ ಹಿಡಿದು ಬಾಗಿಲನ್ನೇ ನೋಡುತ್ತ ಕುಳಿತ ಜನ. ಒಳಗಿನ ಕಿರುಕೋಣೆಯಲ್ಲಿ ವೈದ್ಯರಿಗೂ ಕೈಕಾಲಾಡಿಸಲು ಎಡೆಯಿಲ್ಲ. ರೋಗ ವಾಸಿಯಾಗುವ ಮಾತಿರಲಿ, ಬಂದವನ ಧೈರ್ಯವೇ ಕುಂದಿಹೋಗುತ್ತದೆ. ಈ ಅವಸ್ಥೆ ಅನಿವಾರ್ಯವಲ್ಲವೆಂದು ತೋರಿಸಿಕೊಟ್ಟ ಕಟ್ಟಡವೊಂದು ಲಂಡನ್ನಿನ ಫಿನ್ಸ್‌ಬರಿಯಲ್ಲಿದೆ.

1930ರ ದಶಕದಲ್ಲಿ ಫಿನ್ಸ್‌ಬರಿ ಬಡವರ ಬೀಡು; ಇಕ್ಕಟ್ಟಾದ ಮನೆಗಳು, ಕ್ಷಯದ ಕಾಟ. ಅಲ್ಲಿನ ಪೌರಸಭೆಯ ಆರೋಗ್ಯ ಸಮಿತಿಗೆ ಅಧ್ಯಕ್ಷರಾಗಿದ್ದವರು ಪಂಜಾಬಿನಿಂದ ಹೋಗಿ ನೆಲೆಸಿದ್ದ ಡಾ. ಚುನಿಲಾಲ್ ಕತಿಯಾಲ್. 1931ರಲ್ಲಿ ಗಾಂಧೀಜಿಯವರೂ ಚಾರ್ಲಿ ಚಾಪ್ಲಿನ್ನರೂ ಭೇಟಿಯಾದದ್ದು ಇವರ ಮನೆಯಲ್ಲಿಯೇ. ಅಲ್ಲೊಂದು ಇಲ್ಲೊಂದಾಗಿ ಚದರಿದ್ದ ಚಿಕಿತ್ಸಾಲಯಗಳನ್ನು ಒಂದೇ ಸೂರಿನಡಿ ತರುವ ಕೆಲಸವನ್ನು ಅವರು ವಾಸ್ತುಶಿಲ್ಪಿ ಬರ್ತೋಲ್ಡ್ ಲುಬೆಟ್ಕಿನ್ನರಿಗೆ ಒಪ್ಪಿಸಿದರು. 1938ರಲ್ಲಿ ಆರೋಗ್ಯಕೇಂದ್ರದ ಬಾಗಿಲು ತೆರೆಯಿತು.

ನಡುವೆ ಪ್ರವೇಶದ್ವಾರ, ಇಕ್ಕೆಲಗಳಲ್ಲಿ ಎರಡು ರೆಕ್ಕೆಗಳು: ಬಂದವರನ್ನು ತೋಳು ಚಾಚಿ ಕರೆಯುವ ಭಂಗಿ. ಮುಂಭಾಗದಲ್ಲಿ ಗಾಜಿನ ಇಟ್ಟಿಗೆಯ ಗೋಡೆ. ಬೀದಿಯ ಕಣ್ಣು ಒಳಗೆ ಬೀಳದು, ಬೆಳಕು ಮಾತ್ರ ಧಾರಾಳ. ಕಾಯುವ ಹಜಾರದಲ್ಲಿ ಸಾಲುಬೆಂಚುಗಳ ಬದಲು ಬಿಡಿಕುರ್ಚಿಗಳನ್ನು ಅಲ್ಲಲ್ಲಿ ಹಾಕಿಸಿದರು. ಅಲ್ಲಿ ಕುಳಿತ ಕೂಲಿಗಾರ ಅರ್ಜಿ ಹಿಡಿದು ಬಂದವನಂತಲ್ಲ, ಅತಿಥಿಯಂತೆ ಕಾಣುತ್ತಿದ್ದ.

ಚಿಕಿತ್ಸೆ ನೀಡುವವರನ್ನೂ ಲುಬೆಟ್ಕಿನ್ ಮರೆಯಲಿಲ್ಲ. ರೆಕ್ಕೆಗಳೊಳಗಿನ ಅಡ್ಡಗೋಡೆಗಳ ಮೇಲೆ ಕಟ್ಟಡದ ಭಾರವನ್ನು ಹೊರಿಸಲಿಲ್ಲ. ನೀರಿನ ಕೊಳವೆ, ವಿದ್ಯುತ್ ತಂತಿಗಳಿಗೂ ಬೇರೆಯೇ ದಾರಿ ಮಾಡಿದರು. ಚಿಕಿತ್ಸೆಯ ಕ್ರಮ ಬದಲಾದರೆ ವೈದ್ಯರು ಗೋಡೆಯನ್ನು ಸರಿಸಿ ಕೋಣೆಯನ್ನು ಹಿಗ್ಗಿಸಿಕೊಳ್ಳಬಹುದು, ಕುಗ್ಗಿಸಿಕೊಳ್ಳಬಹುದು. ವೈದ್ಯಶಾಸ್ತ್ರ ಮುಂದೆ ನಡೆದಂತೆ ಕಟ್ಟಡವೂ ಅದರ ಹಿಂದೆ ನಡೆಯಬೇಕಷ್ಟೆ!

ಮಹಾಯುದ್ಧದ ನಡುವೆ, 1942ರಲ್ಲಿ, ಕಲಾವಿದ ಏಬ್ರಮ್ ಗೇಮ್ಸ್ ಈ ಕಟ್ಟಡವನ್ನು ಭಿತ್ತಿಪತ್ರವೊಂದರಲ್ಲಿ ಚಿತ್ರಿಸಿದರು. ಅದರ ಹಿಂದೆ ಪಾಳುಮನೆಯಲ್ಲಿ ನಿಂತ ರೋಗಿಷ್ಠ ಬಾಲಕ. ಇಂಥ ನಾಳೆಗಾಗಿ ಹೋರಾಡಿರೆಂಬುದು ಅದರ ಆಶಯ. ಪ್ರಧಾನಿ ಚರ್ಚಿಲ್ಲರಿಗೆ ಅದು ಹಿಡಿಸಲಿಲ್ಲ; ಪತ್ರವನ್ನು ಹಿಂತೆಗೆಯಲಾಯಿತು. ಆದರೇನು? 1948ರಲ್ಲಿ ಇಡೀ ಬ್ರಿಟನ್ನಿಗೆ ಉಚಿತ ವೈದ್ಯಸೇವೆ ದೊರೆಯಿತು.

ನಮ್ಮ ಊರುಗಳಲ್ಲಿ ಚಿಕಿತ್ಸಾಲಯಕ್ಕೆ ನಕ್ಷೆ ಬರೆಯುವವರು, ಬರೆಯುವ ಮುನ್ನ, ಒಂದು ಮುಂಜಾನೆ ಚೀಟಿ ಹಿಡಿದು ಆ ಬೆಂಚಿನ ಮೇಲೆ ಕುಳಿತು ನೋಡಿದರೆ ಒಳ್ಳೆಯದು. ಔಷಧ ಕೈಸೇರುವ ಮೊದಲು ರೋಗಿಗೆ ದೊರೆಯುವುದು ಕೂರುವ ಜಾಗವೇ ಅಲ್ಲವೇ?