ಬದಲಿ ಟೈರು: ಬಿಲ್ಲಿನ ಬೆಲೆ ಮತ್ತು ರಸ್ತೆಯ ಬೆಲೆ

ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ವರ್ತಕನೊಬ್ಬನು ವೇಗದ ಕಾರೊಂದನ್ನು ಕೊಂಡನೆಂದರೆ, ಅದರ ಟೈರುಗಳು ಸವೆಯುವ ಹೊತ್ತಿಗೆ ಆತನು ಅರ್ಧ ಎಂಜಿನಿಯರನೇ ಆಗಿರುತ್ತಾನೆ. ಕಲಬುರಗಿಯಲ್ಲಿ ಎರಡು ಅಂಗಡಿ, ಹೈದರಾಬಾದಿನಲ್ಲಿ ಮೂರು ಅಂಗಡಿ ವಿಚಾರಿಸುತ್ತಾನೆ. ಅಳತೆ, ನಮೂನೆ, ತಯಾರಾದ ವಾರ ಎಲ್ಲವನ್ನೂ ಬಗ್ಗಿ ಓದುತ್ತಾನೆ. ಅದೇ ವರ್ತಕನ ಹತ್ತು ಗಾಲಿಯ ಲಾರಿಗೆ ಟೈರು ಬೇಕಾದಾಗ ಚಾಲಕನು ದಾರಿಯ ಮಧ್ಯದಿಂದ ಫೋನ್ ಮಾಡುತ್ತಾನೆ. ಮಾಲೀಕನು "ಯಾವುದಾದರೊಂದು ಹಾಕಿಸು, ಉದ್ರಿ ಬರೆಸು" ಎಂದು ಹೇಳಿ ಫೋನ್ ಇಡುತ್ತಾನೆ. ಕಾರಿನ ಟೈರು ಮನೆಯ ಖರ್ಚು. ಲಾರಿಯ ಟೈರಾದರೋ, ಡೀಸೆಲ್ಲಿನ ನಂತರ ಓಡಾಟದ ವೆಚ್ಚದಲ್ಲಿ ಬಹು ದೊಡ್ಡ ಪಾಲು. ಎಚ್ಚರ ಎಲ್ಲಿ ಇರಬೇಕೋ ಅಲ್ಲಿ ಇಲ್ಲದಿರುವುದು ಈ ಭಾಗದ ಅನೇಕ ಸಣ್ಣ ಉದ್ಯಮಗಳ ಲೆಕ್ಕಪುಸ್ತಕಗಳಲ್ಲಿ ಎದ್ದು ಕಾಣುವ ಸಂಗತಿ.

ಕಾರಿನ ವಿಷಯದಲ್ಲಿ ತೋರುವ ಎಚ್ಚರ ತಪ್ಪೆಂದು ಯಾರೂ ಹೇಳಲಾರರು. ಟೈರಿನ ಪಕ್ಕೆಯ ಮೇಲೆ 205/55 ಆರ್ 16 91 ವಿ ಎಂದು ಅಚ್ಚಾಗಿದ್ದರೆ, ಅಗಲ 205 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 55, ರಿಮ್ಮಿನ ವ್ಯಾಸ 16 ಅಂಗುಲ ಎಂದರ್ಥ. 91 ಎಂಬುದು ಆ ಟೈರು 615 ಕಿ.ಗ್ರಾಂ. ಭಾರ ಹೊರಬಲ್ಲುದೆಂಬುದರ ಸೂಚಕ. 'ವಿ' ಎಂಬುದು ಗಂಟೆಗೆ 240 ಕಿ.ಮೀ. ವೇಗದವರೆಗೆ ತಾಳಬಲ್ಲುದೆಂಬುದರ ಸೂಚಕ. ಆ ವೇಗದಲ್ಲಿ ಓಡಿಸಲು ದೇಶದ ಯಾವ ಹೆದ್ದಾರಿಯಲ್ಲೂ ಅನುಮತಿ ಇಲ್ಲ; ಹೀಗಿರುವಾಗ ಕೆಳದರ್ಜೆಯ ಅಗ್ಗದ ಟೈರು ಹಾಕಿಸಿದರೆ ನಷ್ಟವೇನೆಂದು ಕೇಳುವವರುಂಟು. ವೇಗದ ಅಕ್ಷರವು ಬಹುಮಟ್ಟಿಗೆ ಶಾಖವನ್ನು ತಾಳುವ ಶಕ್ತಿಯ ಅಳತೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಮೀರುವ ಜಿಲ್ಲೆಯಲ್ಲಿ, ಕಾದ ಡಾಂಬರಿನ ಮೇಲೆ ಮೂರು ಗಂಟೆ ನಿಲ್ಲದೆ ಓಡುವ ಭಾರದ ಕಾರಿಗೆ ಆ ಶಕ್ತಿ ಬೇಕೇ ಬೇಕು. ತಯಾರಕರು ಸೂಚಿಸಿದ ಭಾರ ಮತ್ತು ವೇಗದ ದರ್ಜೆಗಿಂತ ಕೆಳಗಿಳಿಯಬಾರದು, ಒಂದೇ ಅಚ್ಚಿಗೆ ಎರಡು ಬಗೆಯ ಟೈರು ಹಾಕಬಾರದು, ಕೊನೆಯ ನಾಲ್ಕು ಅಂಕೆ ನೋಡದೆ ಕೊಳ್ಳಬಾರದು. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದ ಸರಕು. ಅಂಗಡಿಯ ಗೋದಾಮಿನಲ್ಲಿ ಮೂರು ಬೇಸಿಗೆ ಕಳೆದ ಟೈರು ನೋಡಲು ಹೊಸದೇ. ಅದರ ರಬ್ಬರು ಮಾತ್ರ ಹಳೆಯದು.

ಈ ಮಾತುಗಳಲ್ಲಿ ಒಂದಾದರೂ ಲಾರಿಗೆ ಅನ್ವಯಿಸುವುದಿಲ್ಲವೇ? ಪ್ರತಿಯೊಂದೂ ಅನ್ವಯಿಸುತ್ತದೆ, ಅದೂ ಇಮ್ಮಡಿಯಾಗಿ.

ವಾಡಿ, ಮಳಖೇಡ, ಸೇಡಂಗಳ ಸಿಮೆಂಟು, ಶಹಾಬಾದ್ ಮತ್ತು ಚಿತ್ತಾಪುರದ ಹಾಸುಗಲ್ಲು, ಕೊಡ್ಲಿ, ಚಿಂಚೋಳಿ ಸೀಮೆಯ ತೊಗರಿ, ಇವೇ ಈ ಭಾಗದ ಲಾರಿಗಳ ಹೊರೆ. ಹೊರೆ ಬೇರೆಯಾದಂತೆ ದಾರಿಯೂ ಬೇರೆ. ಸಿಮೆಂಟಿನ ಚೀಲ ಹೊತ್ತು ಸೋಲಾಪುರ, ಹೈದರಾಬಾದುಗಳಿಗೆ ಹೋಗುವ ಲಾರಿಗೆ ಬಹುಪಾಲು ಹೆದ್ದಾರಿ. ಗಣಿಯಿಂದ ಪಾಲಿಶ್ ಘಟಕಕ್ಕೆ ಕಲ್ಲು ಸಾಗಿಸುವ ಲಾರಿಗೆ ಹತ್ತಿಪ್ಪತ್ತು ಕಿ.ಮೀ. ಓಟ, ಅದರಲ್ಲಿ ಅರ್ಧ ದಾರಿ ಕಲ್ಲಿನ ಚೂರುಗಳ ಮೇಲೆಯೇ. ತೊಗರಿಯ ಲಾರಿ ಸುಗ್ಗಿಯ ನಾಲ್ಕು ತಿಂಗಳು ಬಿಡುವಿಲ್ಲದೆ ಓಡಿ ಉಳಿದ ದಿನ ನಿಂತಿರುತ್ತದೆ. ಈ ಮೂರಕ್ಕೂ ಒಂದೇ ಟೈರನ್ನು ಶಿಫಾರಸು ಮಾಡುವ ಅಂಗಡಿಕಾರನು ತನ್ನ ದಾಸ್ತಾನನ್ನು ನೋಡಿ ಮಾತನಾಡುತ್ತಿದ್ದಾನೆಂದು ತಿಳಿಯಬೇಕು.

ನೈಲಾನ್ ಟೈರೋ ರೇಡಿಯಲ್ ಟೈರೋ ಎಂಬ ಚರ್ಚೆಯನ್ನು ದರದ ಪಟ್ಟಿ ಹಿಡಿದು ಮುಗಿಸಲಾಗದು. ಕಿಲೋಮೀಟರಿನ ಲೆಕ್ಕ ಹಿಡಿಯಬೇಕು. ಲೆಕ್ಕದ ಸುಲಭಕ್ಕೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ನೈಲಾನ್ ಟೈರಿನ ಬೆಲೆ 16,000 ರೂ., ಓಟ 50,000 ಕಿ.ಮೀ. ಎಂದಾದರೆ ಕಿಲೋಮೀಟರಿಗೆ 32 ಪೈಸೆ. ರೇಡಿಯಲ್ಲಿನ ಬೆಲೆ 22,000 ರೂ., ಓಟ 80,000 ಕಿ.ಮೀ. ಆದರೆ 27.5 ಪೈಸೆ. ಅದರ ಒಳಮೈ ಗಟ್ಟಿಯಾಗಿ ಉಳಿದಿದ್ದು, 6,500 ರೂ. ಕೊಟ್ಟು ರೀಟ್ರೇಡ್ ಮಾಡಿಸಿ ಇನ್ನೂ 45,000 ಕಿ.ಮೀ. ಓಡಿಸಿದರೆ ಒಟ್ಟು ವೆಚ್ಚ 28,500 ರೂ., ಒಟ್ಟು ಓಟ 1,25,000 ಕಿ.ಮೀ.; ಎಂದರೆ 23 ಪೈಸೆಗೂ ಕಡಿಮೆ. ರೇಡಿಯಲ್ ಹಗುರಾಗಿ ಉರುಳುವುದರಿಂದ ಉಳಿಯುವ ಡೀಸೆಲ್ ಇದರಲ್ಲಿ ಸೇರಿಲ್ಲ. ಹೆದ್ದಾರಿಯ ಲಾರಿಗೆ ಇಲ್ಲಿಗೆ ಚರ್ಚೆ ಮುಗಿಯಿತು.

ಗಣಿಯ ಲಾರಿಗೆ ಮುಗಿಯಲಿಲ್ಲ. ರೇಡಿಯಲ್ಲಿನ ಪಕ್ಕೆ ತೆಳು; ಚೂಪುಗಲ್ಲು ಅದನ್ನು ಸೀಳಿದರೆ ತೇಪೆಗೆ ಒಗ್ಗುವುದು ಕಷ್ಟ. 22,000 ರೂ. ಟೈರು 30,000 ಕಿ.ಮೀ.ಗೇ ಸತ್ತರೆ ವೆಚ್ಚ 73 ಪೈಸೆಗೆ ಏರಿತು, ರೀಟ್ರೇಡಿನ ಆಸೆಯೂ ಹೋಯಿತು. ಅದೇ ದಾರಿಯಲ್ಲಿ ದಪ್ಪ ಪಕ್ಕೆಯ ನೈಲಾನ್ 40,000 ಕಿ.ಮೀ. ಬಾಳಿದರೂ 40 ಪೈಸೆ. ಹಾಸುಗಲ್ಲಿನ ಕೆಲವು ಹಿರಿಯ ವರ್ತಕರು ಇಂದಿಗೂ ನೈಲಾನನ್ನು ಬಿಡದಿರುವುದನ್ನು ಹಳೆಯ ಕಾಲದ ಹಟವೆಂದು ನಗುವವರು ಈ ಲೆಕ್ಕವನ್ನು ಮಾಡಿ ನೋಡಿದವರಲ್ಲ. ಎರಡೂ ದಾರಿಯಲ್ಲಿ ಲಾರಿ ಓಡಿಸುವವನು ತನ್ನ ಓಟದ ದಾಖಲೆ ನೋಡಿಯೇ ತೀರ್ಮಾನಿಸಬೇಕು; ಬೇರೆಯವರ ಅನುಭವ ಇಲ್ಲಿ ಕೆಲಸಕ್ಕೆ ಬಾರದು.

ರೀಟ್ರೇಡಿನ ಪ್ರಶ್ನೆಗೆ ತೆರಿಗೆಯೂ ಬಂದು ಸೇರಿದೆ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಹೊಸ ಟೈರಿಗೆ ಶೇ. 28 ತೆರಿಗೆ ಬಿದ್ದಿತು. ರೀಟ್ರೇಡ್ ಟೈರಿನ ದರ 2019ರ ಜನವರಿಯಿಂದ ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿಗೂ ಶೇ. 18 ಆಯಿತು, ಟ್ರ್ಯಾಕ್ಟರ್ ಟೈರಿಗೆ ಶೇ. 5. ತೆರಿಗೆಪೂರ್ವ ಬೆಲೆ 20,000 ರೂ. ಇರುವ ಟೈರಿನ ಮೇಲೆ ಹಿಂದೆ 5,600 ರೂ. ತೆರಬೇಕಿದ್ದವನು ಈಗ 3,600 ರೂ. ತೆರುತ್ತಾನೆ. ಈ 2,000 ರೂ. ನಿಜವಾದ ಉಳಿತಾಯವೇ ಅಲ್ಲವೇ ಎಂಬುದು ಕೊಳ್ಳುವವನು ಯಾರೆಂಬುದರ ಮೇಲೆ ನಿಂತಿದೆ. ಸ್ವಂತ ಲಾರಿಯಲ್ಲಿ ತನ್ನ ತೆರಿಗೆಯುಕ್ತ ಸರಕನ್ನು ಸಾಗಿಸುವ ಹಾಸುಗಲ್ಲಿನ ತಯಾರಕನಿಗೆ ಟೈರಿನ ತೆರಿಗೆ ಪೂರ್ತಿ ಜಮೆಯಾಗುತ್ತದೆ. ಆತನಿಗೆ ದರ ಇಳಿದದ್ದರಿಂದ ಆದದ್ದು ಕೈಯಲ್ಲಿ ನಗದು ಸ್ವಲ್ಪ ಉಳಿದದ್ದಷ್ಟೆ. ದೊಡ್ಡ ಚೀಲಗಳಲ್ಲಿ ತೆರಿಗೆರಹಿತವಾಗಿ ತೊಗರಿಬೇಳೆ ಮಾರುವ ಗಿರಣಿಯವನಿಗೆ ಜಮೆಯೇ ಇಲ್ಲ. ಶೇ. 5ರ ದರದಲ್ಲಿರುವ ಸಾರಿಗೆ ಏಜೆನ್ಸಿಗೂ ಇಲ್ಲ. ಇಂಥವರಿಗೆ ಆ 2,000 ರೂ. ಅಪ್ಪಟ ಲಾಭ, ಹೊಸ ಟೈರಿಗೂ ರೀಟ್ರೇಡಿಗೂ ಇದ್ದ ತೆರಿಗೆಯ ಅಂತರ ಅಳಿದುಹೋಗಿರುವುದರಿಂದ ಅವರು ಹಳೆಯ ಲೆಕ್ಕವನ್ನು ಹರಿದುಹಾಕಿ ಹೊಸದಾಗಿ ಬರೆಯಬೇಕು. ರೀಟ್ರೇಡ್ ಟೈರು ಹಿಂದಿನ ಗಾಲಿಗಳಿಗೆ ಈಗಲೂ ಲಾಭಕರವಾಗಬಹುದು. ಮುಂದಿನ ಎರಡು ಗಾಲಿಗಳ ವಿಷಯದಲ್ಲಿ ಮಾತ್ರ ಉಳಿತಾಯದ ಮಾತನ್ನೇ ಎತ್ತಬಾರದು.

ಬೆಲೆಯ ಬಗ್ಗೆ ಇನ್ನೊಂದು ಸಂಗತಿ. ನೈಲಾನ್ ಟೈರುಗಳ ಬದಲಿ ಮಾರುಕಟ್ಟೆಯಲ್ಲಿ 2011-12ರ ಅವಧಿಯಲ್ಲಿ ಕೂಡಿಕೊಂಡು ಬೆಲೆ ಏರಿಸಿದರೆಂದು ಭಾರತೀಯ ಸ್ಪರ್ಧಾ ಆಯೋಗವು ಐದು ದೊಡ್ಡ ತಯಾರಕರಿಗೆ ಒಟ್ಟು 1,788 ಕೋಟಿ ರೂ.ಗಳಷ್ಟು ದಂಡ ವಿಧಿಸಿದ್ದು 2022ರ ಫೆಬ್ರವರಿಯಲ್ಲಿ ಬಹಿರಂಗವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಪ್ರಕರಣವನ್ನು ಮರುಪರಿಶೀಲನೆಗೆ ಆಯೋಗಕ್ಕೇ ಹಿಂದಿರುಗಿಸಿತು. ಗಮನಿಸಬೇಕಾದದ್ದೆಂದರೆ, ಈ ದೂರಿಗೆ ಮೂಲ ಟೈರು ಮಾರಾಟಗಾರರ ಒಕ್ಕೂಟ; ಲಾರಿ ಇಟ್ಟುಕೊಂಡ ಸಣ್ಣ ಉದ್ಯಮಿ ತಾನು ಕೊಟ್ಟ ಬೆಲೆಯನ್ನು ಪ್ರಶ್ನಿಸಲು ದಾಖಲೆಯನ್ನೇ ಇಟ್ಟುಕೊಂಡಿರುವುದಿಲ್ಲ. ತಯಾರಕರ ಹೆಸರು ದೊಡ್ಡದೆಂಬುದೂ ಪೂರ್ತಿ ಭರವಸೆಯಲ್ಲ. ಸೇಡಂನ ವಾಸವದತ್ತ ಸಿಮೆಂಟು ಮತ್ತು ಬಿರ್ಲಾ ಟೈರು ಬಹುಕಾಲ ಕೇಸೋರಾಂ ಎಂಬ ಒಂದೇ ಕಂಪನಿಯ ಸೊತ್ತಾಗಿದ್ದವು. ಬೇರ್ಪಟ್ಟ ಟೈರು ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ತಯಾರಕನೇ ಕಷ್ಟಕ್ಕೆ ಸಿಕ್ಕಾಗ ಖಾತರಿಯ ಚೀಟಿ ಹಿಡಿದವನ ಕ್ಲೇಮು ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ.

ಇನ್ನು ಉದ್ರಿಯ ಮಾತು. ನಗದಿಗೆ 22,000 ರೂ. ಇರುವ ಟೈರನ್ನು ಮೂರು ತಿಂಗಳ ಉದ್ರಿಗೆ 23,200 ರೂ.ಗೆ ಬರೆಸಿದರೆ, ಆ 1,200 ರೂ. ವರ್ಷಕ್ಕೆ ಶೇ. 22ರ ಬಡ್ಡಿಗೆ ಸಮ. ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಅರ್ಧ ಶೇಕಡ ಕಡಿಮೆ ಮಾಡಿಸಲು ವ್ಯವಸ್ಥಾಪಕರ ಎದುರು ಒಂದು ಗಂಟೆ ವಾದಿಸುವ ವರ್ತಕನು ಈ ಬಡ್ಡಿಯನ್ನು ಕಂಡೇ ಇರುವುದಿಲ್ಲ, ಏಕೆಂದರೆ ಅದು ಟೈರಿನ ಖಾತೆಯಲ್ಲಿ ಅಡಗಿರುತ್ತದೆ. ನಗದು ಎಂದೊಡನೆ ನೋಟು ಎಣಿಸಿ ಕೊಡುವುದೂ ಸಲ್ಲದು. ಒಂದೇ ದಿನ ಒಬ್ಬನೇ ವ್ಯಾಪಾರಿಗೆ 10,000 ರೂ. ಮೀರಿ ನೋಟಿನಲ್ಲಿ ಕೊಟ್ಟ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪುವುದಿಲ್ಲ. 2017ರವರೆಗೆ ಈ ಮಿತಿ 20,000 ರೂ. ಇತ್ತು. ಎರಡು ಟೈರಿಗೆ 44,000 ರೂ. ನೋಟು ಕೊಟ್ಟವನು ಶೇ. 30ರ ಹಂತದಲ್ಲಿದ್ದರೆ 13,200 ರೂ. ಹೆಚ್ಚು ತೆರಿಗೆ ತೆರುತ್ತಾನೆ. ಅರ್ಧ ಟೈರಿಗಿಂತ ಹೆಚ್ಚಿನ ಬೆಲೆ ಅದು. ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ಇದೇ ಮೊತ್ತ ಆ ವರ್ಷದ ದುರಸ್ತಿ ವೆಚ್ಚವಾಗಿ ಪೂರ್ತಿ ಸಲ್ಲುತ್ತಿತ್ತು. ಹತ್ತಕ್ಕಿಂತ ಹೆಚ್ಚಿಲ್ಲದ ಲಾರಿಗಳನ್ನು ಬಾಡಿಗೆಗೆ ಓಡಿಸಿ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವನಿಗೆ ಈ ತೊಡಕಿಲ್ಲ. ಆದರೆ ಆತನ ಆದಾಯವನ್ನು ಲಾರಿಯ ತೂಕದ ಮೇಲೆ ನಿಗದಿ ಮಾಡುವುದರಿಂದ, ವರ್ಷಕ್ಕೆ ಎಷ್ಟು ಟೈರು ಸಿಡಿದರೂ ತೆರಿಗೆ ಒಂದು ರೂಪಾಯಿ ಇಳಿಯದು.

ರೀಟ್ರೇಡ್ ಘಟಕದ ಬಾಕಿಗೆ ಬೇರೆಯೇ ನಿಯಮ. ಅದು ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ ಕರಾರಿನ ಮೇರೆಗೆ ಹೆಚ್ಚೆಂದರೆ 45 ದಿನ, ಕರಾರಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಆ ವೆಚ್ಚ ಹಣ ಕೊಟ್ಟ ವರ್ಷದಲ್ಲಷ್ಟೇ ಸಲ್ಲುತ್ತದೆ.

ಲೆಕ್ಕದಾಚೆಗೆ ಇರುವ ಮಾತು ಜೀವದ್ದು. 2018ರ ಜುಲೈನಲ್ಲಿ ಹಿಂದಿನ ಜೋಡಿ ಅಚ್ಚಿನ ಭಾರದ ಮಿತಿಯನ್ನು 19 ಟನ್ನಿನಿಂದ 21 ಟನ್ನಿಗೆ ಏರಿಸಲಾಯಿತು. ಎಂದರೆ ಆ ಎಂಟು ಟೈರುಗಳಲ್ಲಿ ಪ್ರತಿಯೊಂದಕ್ಕೂ ಸರಾಸರಿ 250 ಕಿ.ಗ್ರಾಂ. ಹೆಚ್ಚು ಹೊರೆ, ಅದೂ ಕಾಯಿದೆಯ ಒಳಗೇ. ಅದರ ಮೇಲೂ ಹೇರುವವರ ಮಾತು ಬೇರೆ. ಜೋಡಿ ಗಾಲಿಯಲ್ಲಿ ಒಂದು ಹೊಸದು, ಇನ್ನೊಂದು ಸವೆದದ್ದು ಇದ್ದರೆ ಎತ್ತರವಾದ ಹೊಸದೇ ಹೆಚ್ಚು ಭಾರ ಹೊತ್ತು ಕಾಯುತ್ತದೆ. ಎರಡರ ನಡುವೆ ಸಿಲುಕಿದ ಶಹಾಬಾದ್ ಕಲ್ಲಿನ ಚೂರು ಸುಮ್ಮನಿರುವುದಿಲ್ಲ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದೆಂಬ ನಿಯಮವಿದ್ದರೂ, ಮುಂಗಾರಿನಲ್ಲಿ ಭಾರದ ಲಾರಿಯನ್ನು ಆ ಅಂಚಿನವರೆಗೆ ಓಡಿಸುವುದು ಜಾಣತನವಲ್ಲ. ಟೈರು ಸಿಡಿದು ಒಬ್ಬನು ಸತ್ತ ಪ್ರಕರಣವೊಂದರಲ್ಲಿ ವಿಮಾ ಕಂಪನಿಯು ಅದನ್ನು ದೈವಾಘಾತವೆಂದು ವಾದಿಸಿದಾಗ, ಬಾಂಬೆ ಹೈಕೋರ್ಟು 2023ರಲ್ಲಿ ಅದನ್ನು ಒಪ್ಪದೆ ಮನುಷ್ಯನ ನಿರ್ಲಕ್ಷ್ಯವೆಂದೇ ಹೇಳಿತು. ಟೈರು ಸಿಡಿದದ್ದು ತನ್ನ ಕೈಯಲ್ಲಿರಲಿಲ್ಲವೆಂದು ಮಾಲೀಕನು ಇನ್ನು ಹೇಳಬೇಕಾದರೆ, ಅದನ್ನು ಕಾಲಕಾಲಕ್ಕೆ ನೋಡಿಕೊಂಡಿದ್ದನೆಂಬುದಕ್ಕೆ ಬರಹದ ದಾಖಲೆ ಬೇಕು.

ಆ ದಾಖಲೆಗೆ ನೂರು ಪುಟದ ಒಂದು ವಹಿ ಸಾಕು. ಟೈರಿನ ಕ್ರಮಸಂಖ್ಯೆ, ಕೊಂಡ ದಿನ, ಬಿಲ್ಲಿನ ಸಂಖ್ಯೆ, ಯಾವ ಗಾಲಿಗೆ ಹಾಕಿತು, ಆಗ ಮೀಟರು ಎಷ್ಟಿತ್ತು, ತೆಗೆದಾಗ ಎಷ್ಟಿತ್ತು, ಯಾವ ಕಾರಣಕ್ಕೆ ತೆಗೆಯಿತು ಇಷ್ಟೇ ಬರೆಯಬೇಕಾದದ್ದು. ಅಂಗಡಿಯವನಿಂದ ಕ್ರಮಸಂಖ್ಯೆಯನ್ನು ಪಕ್ಕಾ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಅದಿಲ್ಲದೆ ಖಾತರಿಯ ಕ್ಲೇಮು ನಿಲ್ಲುವುದಿಲ್ಲ. ದಾರಿಯಲ್ಲಿ ಒಳ್ಳೆಯ ಸ್ಟೆಪ್ನಿ ಮಾಯವಾಗಿ ಅದರ ಜಾಗದಲ್ಲಿ ನುಣ್ಣಗಾದದ್ದು ಬಂದು ಕೂರುವ ಹಳೆಯ ಚಾಳಿಗೂ ಇದೇ ಮದ್ದು. ಪ್ರಾಮಾಣಿಕ ಚಾಲಕನಿಗೆ ಈ ವಹಿ ಅನುಮಾನದಿಂದ ರಕ್ಷಣೆಯೂ ಹೌದು. ಮಾರ್ಚ್ ಕೊನೆಯಲ್ಲಿ ದಾಸ್ತಾನು ಎಣಿಸುವ ದಿನವೇ ಪ್ರತಿ ಲಾರಿಯ ಎಲ್ಲ ಟೈರುಗಳ ಗೆರೆಯ ಆಳ ಅಳೆದು, ಬೆಳಗಿನ ತಂಪಿನಲ್ಲಿ ಗಾಳಿ ನೋಡಿ ಬರೆದಿಟ್ಟರೆ, ಏಪ್ರಿಲ್ ಬಿಸಿಲು ಏರುವ ಮೊದಲೇ ಯಾವ ಟೈರು ಬದಲಿಸಬೇಕೆಂಬುದು ಮಾಲೀಕನಿಗೆ ತಿಳಿದಿರುತ್ತದೆ, ಅಂಗಡಿಯಲ್ಲಿ ಚೌಕಾಸಿ ಮಾಡಲು ಆತನಿಗೆ ಹದಿನೈದು ದಿನ ಸಮಯವೂ ಇರುತ್ತದೆ.