ವಾಹನಗಳ ಲೆಕ್ಕ, ಮನುಷ್ಯರ ಲೆಕ್ಕ

ನಗರದ ಆಂಬುಲೆನ್ಸ್ ಸೇವೆ ಸಮರ್ಥವಾಗಿದೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಆಡಳಿತಗಾರರು ಕೊಡುವ ಉತ್ತರ ಬಹುಮಟ್ಟಿಗೆ ವಾಹನಗಳ ಸಂಖ್ಯೆಯದು. ಆ ವಾಹನಗಳೊಳಗೆ ಹಗಲಿರುಳು ದುಡಿಯುವವರು ಎಷ್ಟು ಮಂದಿ, ಅವರಿಗೆ ವಿಶ್ರಾಂತಿಯೆಷ್ಟು, ಸಂಬಳ ಯಾವ ತಾರೀಖಿಗೆ ಕೈಸೇರುತ್ತದೆ ಎಂಬುದನ್ನು ವಿಚಾರಿಸುವವರು ವಿರಳ.

ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ ‘ಆರೋಗ್ಯ ಕವಚ 108’ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪುಣ್ಯಕಾರ್ಯದ ಭಾರವೆಲ್ಲ ಬಿದ್ದಿರುವುದು ಒಂದೊಂದು ವಾಹನದ ಇಬ್ಬರ ಹೆಗಲ ಮೇಲೆ: ಪೈಲಟ್ ಎನಿಸಿಕೊಂಡ ಚಾಲಕ, ಮತ್ತು ಇಎಂಟಿ ಎಂಬ ತುರ್ತು ಚಿಕಿತ್ಸಾ ಸಿಬ್ಬಂದಿ. ಬೆಂಗಳೂರಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಿಂದ, ಎದೆನೋವಿನಿಂದ ನರಳುವ ಸ್ಥೂಲಕಾಯದ ರೋಗಿಯನ್ನು, ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರನ್ನು ಓರೆಮಾಡುತ್ತ, ಆಕ್ಸಿಜನ್ ಸಿಲಿಂಡರನ್ನೂ ಸಂಭಾಳಿಸುತ್ತ ಕೆಳಗಿಳಿಸಬೇಕಾದವರು ಇವರಿಬ್ಬರೇ. ದೊಡ್ಡಾಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೂ ಬಿಡುಗಡೆಯಿಲ್ಲ. ಒಳಗೆ ಹಾಸಿಗೆ ತೆರವಾಗದಿದ್ದರೆ ರೋಗಿ ಆಂಬುಲೆನ್ಸಿನ ಸ್ಟ್ರೆಚರಿನ ಮೇಲೆಯೇ ಮಲಗಿರಬೇಕು, ಆ ಸ್ಟ್ರೆಚರ್ ಬರಿದಾಗುವತನಕ ವಾಹನ ಕದಲುವಂತಿಲ್ಲ. ಅಷ್ಟರಲ್ಲಿ ಬೇರೊಂದು ಬಡಾವಣೆಯಿಂದ ಕರೆ ಬಂದರೆ, ತಡವಾಯಿತೆಂಬ ಬೈಗುಳವನ್ನು ಕೇಳಬೇಕಾದವರೂ ಇವರೇ.

ಇಂತಹ ಕೆಲಸವನ್ನು 12 ಗಂಟೆಗಳ ಪಾಳಿಯಲ್ಲಿ ಮಾಡಿಸಲಾಗುತ್ತಿದೆಯೆಂದೂ, ರಜೆ ಹಾಕಿದವರ ಸ್ಥಾನಕ್ಕೆ ಬದಲಿಯವರಿಲ್ಲವೆಂದೂ, ವೇತನ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆಂದೂ ನೌಕರರು ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ಸರ್ಕಾರದ ಹಣ ಬಂದಿಲ್ಲವೆಂದು ಗುತ್ತಿಗೆ ಸಂಸ್ಥೆ ಹೇಳುವುದು, ಸಂಸ್ಥೆಯ ಲೆಕ್ಕಪತ್ರ ಸರಿಯಿಲ್ಲವೆಂದು ಇಲಾಖೆ ಹೇಳುವುದು, ಮುಷ್ಕರದ ಎಚ್ಚರಿಕೆ ಕೊಟ್ಟವರು ಭರವಸೆಯೊಂದನ್ನು ಪಡೆದು ಹಿಂದಿರುಗುವುದು: ಇದು ಪದೇ ಪದೇ ನಡೆದಿರುವ ಸಂಗತಿ. ತನ್ನ ಯಜಮಾನನು ಯಾರೆಂಬುದೇ ಸ್ಪಷ್ಟವಿಲ್ಲದ ನೌಕರನು ತನ್ನ ಅಹವಾಲನ್ನು ಯಾರ ಮುಂದೆ ಇಡತಕ್ಕದ್ದು?

ಆಡಳಿತವು ಸಿಬ್ಬಂದಿಯ ಮಾತಿಗೆ ಕಿವಿಗೊಡದಿದ್ದರೆ ಏನಾಗುವುದೆಂಬುದಕ್ಕೆ ಲಂಡನ್ ನಗರದ ನಿದರ್ಶನವಿದೆ. 1992ರ ಅಕ್ಟೋಬರ್ 26ರಂದು ಅಲ್ಲಿನ ಆಂಬುಲೆನ್ಸ್ ಸೇವೆ, ವಾಹನಗಳನ್ನು ಕಳುಹಿಸುವ ಕಾರ್ಯವನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿತು. ಒಂದೆರಡು ದಿನಗಳಲ್ಲೇ ವ್ಯವಸ್ಥೆ ಅಸ್ತವ್ಯಸ್ತವಾಯಿತು. ನವೆಂಬರ್ 4ರಂದು ಪೂರ್ತಿಯಾಗಿ ಸ್ಥಗಿತಗೊಂಡು, ಕಾಗದ ಲೇಖನಿಗಳಿಗೇ ಮರಳಬೇಕಾಯಿತು. ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟರು. ಮರುವರ್ಷ ಪ್ರಕಟವಾದ ವಿಚಾರಣಾ ವರದಿ ದೋಷವನ್ನು ಯಂತ್ರದ ಮೇಲಷ್ಟೇ ಹೊರಿಸಲಿಲ್ಲ. ಆಡಳಿತದ ಅತಿಯಾದ ಆತುರ, ಅಪೂರ್ಣ ತರಬೇತಿ, ಆಡಳಿತಕ್ಕೂ ನೌಕರರಿಗೂ ನಡುವೆ ಬೆಳೆದಿದ್ದ ಅವಿಶ್ವಾಸ ಇವೆಲ್ಲವನ್ನೂ ಎತ್ತಿ ತೋರಿಸಿತು. ಹಣಕ್ಕೂ ವಿದ್ಯೆಗೂ ಕೊರತೆಯಿಲ್ಲದ ನಗರದಲ್ಲಿಯೇ ಹೀಗಾಯಿತೆಂಬುದನ್ನು ನಾವು ಲಘುವಾಗಿ ಎಣಿಸಲಾಗದು.

ಪ್ರಾಣ ಉಳಿಸುವ ಸೇವೆಯಲ್ಲಿರುವವರು ಕೆಲಸ ನಿಲ್ಲಿಸುವುದು ಧರ್ಮವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಸೇವೆ ಅತ್ಯಗತ್ಯವೆಂದಾದರೆ ಸೇವಕನ ವೇತನವೂ ಅತ್ಯಗತ್ಯವೇ ಆಗಬೇಕಷ್ಟೆ. ತುರ್ತು ಚಿಕಿತ್ಸೆ ಒದಗಿಸುವುದು ಸಂವಿಧಾನದ 21ನೆಯ ವಿಧಿಯನ್ವಯ ಪ್ರಭುತ್ವದ ಕರ್ತವ್ಯವೆಂದೂ, ಹಣದ ಅಭಾವ ಅದಕ್ಕೆ ನೆಪವಾಗಲಾರದೆಂದೂ ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಸಾರಿದೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಕರ್ತವ್ಯವನ್ನು ಗುತ್ತಿಗೆಗೆ ಕೊಡಲಾಗದು.

ಆದುದರಿಂದ ಆಗಬೇಕಾದ ಕಾರ್ಯಗಳು ಸ್ಪಷ್ಟವಾಗಿವೆ. 8 ಗಂಟೆಗಳ ಮೂರು ಪಾಳಿ ಜಾರಿಗೆ ಬರಲಿ, ಬದಲಿ ಸಿಬ್ಬಂದಿಯ ನೇಮಕವಾಗಲಿ. ಗುತ್ತಿಗೆಯ ವ್ಯಾಜ್ಯ ಏನೇ ಇರಲಿ, ನಿಗದಿಯಾದ ತಾರೀಖಿಗೆ ವೇತನ ಸಲ್ಲುವಂತೆ ಸರ್ಕಾರವೇ ಹೊಣೆ ಹೊರಲಿ. ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್ ಕಾದ ಕಾಲವನ್ನು ದಾಖಲಿಸಿ, ಅದಕ್ಕೆ ಆಸ್ಪತ್ರೆಯ ಆಡಳಿತವನ್ನು ಉತ್ತರದಾಯಿಯನ್ನಾಗಿಸಲಿ. ನಿಯಮಗಳನ್ನು ರೂಪಿಸುವ ಸಭೆಗಳಲ್ಲಿ ಪೈಲಟರಿಗೂ ಇಎಂಟಿಗಳಿಗೂ ಸ್ಥಾನವಿರಲಿ. ಮುಂದಿನ ಆಯವ್ಯಯದಲ್ಲಿ ಹೊಸ ಆಂಬುಲೆನ್ಸುಗಳ ಸಂಖ್ಯೆಯನ್ನು ಘೋಷಿಸುವಾಗ, ಅವುಗಳನ್ನು ನಡೆಸಲು ನೇಮಕವಾಗುವವರ ಸಂಖ್ಯೆಯನ್ನೂ, ಅವರ ವೇತನಕ್ಕೆಂದು ಕಾದಿರಿಸಿದ ಹಣವನ್ನೂ ಅದೇ ಪುಟದಲ್ಲಿ ಮುದ್ರಿಸಬೇಕೆಂದು ನಾಗರಿಕರು ತಮ್ಮ ಶಾಸಕರನ್ನು ಒತ್ತಾಯಿಸಬೇಕು.